ಮೂಲೆ ಸೇರಿದ ಫೋನಿನ ಎರಡನೆಯ ಬಾಳು

ಹಿಂದಿನ ಮನೆಗಳಲ್ಲಿ ಒಡೆದ ಹಂಡೆ, ಕಾಲು ಮುರಿದ ಕುರ್ಚಿ, ನಿಂತುಹೋದ ಗಡಿಯಾರ ಇವೆಲ್ಲ ಅಟ್ಟವನ್ನು ಸೇರುತ್ತಿದ್ದುವು. ಈಗ ಆ ಬಳಗಕ್ಕೆ ಇನ್ನೊಬ್ಬ ಸದಸ್ಯನು ಬಂದು ಸೇರಿದ್ದಾನೆ. ಅವನೇ ಹಳೆಯ ಆಂಡ್ರಾಯ್ಡ್ ಫೋನು. ಅದರ ಗಾಜು ಸೀಳಿದೆ. ಬ್ಯಾಟರಿ ಅರ್ಧ ದಿನವೂ ಬಾಳದು. ಹೊಸ ತಂತ್ರಾಂಶವನ್ನು ಅದು ಒಪ್ಪದು. ಮಾರಲು ಹೋದರೆ ಬೆಲೆಯಿಲ್ಲ, ಎಸೆಯಲು ಮನಸ್ಸಿಲ್ಲ. ಆದರೆ ಮಾತನಾಡುವ ಕೆಲಸಕ್ಕೆ ಒದಗದ ಮಾತ್ರಕ್ಕೆ ಅದು ಸತ್ತಿತೆಂದು ತಿಳಿಯಬೇಕೆ? ಭೌತವಿಜ್ಞಾನವನ್ನು ಪಾಠ ಹೇಳುವ ನನ್ನಂಥವನಿಗೆ ಹಾಗೆ ತೋರುವುದಿಲ್ಲ. ಅಂಗೈಯಗಲದ ಆ ಪೆಟ್ಟಿಗೆಯಲ್ಲಿ ಒಂದು ಸಣ್ಣ ಪ್ರಯೋಗಶಾಲೆಯೇ ಅಡಗಿದೆ. ಅದನ್ನು ತೆರೆದು ಬಳಸುವುದು ಹೇಗೆ, ಅದನ್ನು ಎಲ್ಲಿಯವರೆಗೆ ನಂಬಬಹುದು ಎಂಬುದನ್ನು ಮಡಿಕೇರಿಯ ನಮ್ಮ ಅನುಭವದಿಂದ ವಾಚಕರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಫೋನಿನೊಳಗಿನ ತಕ್ಕಡಿ

ಫೋನನ್ನು ಅಡ್ಡ ಹಿಡಿದರೆ ಅದರ ಚಿತ್ರವೂ ಅಡ್ಡ ತಿರುಗುತ್ತದೆ. ನೆಲ ಯಾವ ಕಡೆಗಿದೆ ಎಂಬುದು ಅದಕ್ಕೆ ಹೇಗೆ ತಿಳಿಯಿತು? ಅದರೊಳಗೆ ವೇಗೋತ್ಕರ್ಷಮಾಪಕವೆಂಬ ಒಂದು ಚಿಕ್ಕ ಸಾಧನವಿದೆ. ಸಿಲಿಕಾನಿನಲ್ಲಿ ಕೆತ್ತಿದ ಅತಿ ಸಣ್ಣ ತುಣುಕೊಂದನ್ನು ಸಿಲಿಕಾನಿನದೇ ಆದ ಸ್ಪ್ರಿಂಗುಗಳು ಎತ್ತಿ ಹಿಡಿದಿವೆ. ಆ ತುಣುಕಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂತಹ ಏಣುಗಳಿದ್ದು, ಅವು ಎದುರಿನ ಸ್ಥಿರವಾದ ಹಲ್ಲುಗಳ ನಡುವೆ ನಿಂತಿರುತ್ತವೆ. ತುಣುಕು ಕೊಂಚ ಸರಿದರೂ ಹಲ್ಲುಗಳ ನಡುವಣ ಅಂತರ ಬದಲಾಗುತ್ತದೆ. ಅದರೊಡನೆ ಅವುಗಳ ವಿದ್ಯುದ್ಧಾರಣ ಶಕ್ತಿಯೂ ಬದಲಾಗುತ್ತದೆ. ಈ ವ್ಯತ್ಯಾಸವನ್ನು ಫೋನು ಸಂಖ್ಯೆಯಾಗಿ ಓದಿಕೊಳ್ಳುತ್ತದೆ. ಹೀಗೆ ನೋಡಿದರೆ ಅದೊಂದು ಸ್ಪ್ರಿಂಗ್ ತಕ್ಕಡಿಯೇ ಸರಿ.

ಕರ್ನಾಟಕಕ್ಕೆ ಈ ಸಾಧನ ಹೊಸದೇನೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯವರು ಕೂಡಿ ರೂಪಿಸಿದ ಸಿಂಪ್ಯೂಟರ್ ಎಂಬ ಕೈಗಣಕದ ‘ಅಮಿಡ’ ಮಾದರಿ 2004ರಲ್ಲಿ ಮಾರುಕಟ್ಟೆಗೆ ಬಂದಾಗ ಅದರಲ್ಲಿ ಇಂತಹ ಮಾಪಕವಿತ್ತು. ಮೊದಲ ಆಂಡ್ರಾಯ್ಡ್ ಫೋನು ಮಾರಾಟಕ್ಕೆ ಬಂದದ್ದು 2008ರಲ್ಲಿ.

ಈ ತಕ್ಕಡಿಯ ಲೆಕ್ಕವನ್ನು ಕಣ್ಣಿಗೆ ಕಾಣುವಂತೆ ಮಾಡುವ ತಂತ್ರಾಂಶಗಳು ಹಲವಿವೆ. ಜರ್ಮನಿಯ ಆಖೆನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದವರು 2016ರಲ್ಲಿ ಹೊರತಂದ ‘ಫೈಫಾಕ್ಸ್’ ಅವುಗಳಲ್ಲಿ ಒಂದು. ಅದಕ್ಕೆ ಹಣ ಕೊಡಬೇಕಾಗಿಲ್ಲ. ನಮ್ಮ ವಿದ್ಯಾರ್ಥಿಗಳು ಗಾಜೊಡೆದ ಫೋನೊಂದನ್ನು ಎರಡು ದಾರಗಳಿಂದ ತೊಲೆಗೆ ತೂಗುಹಾಕಿ ಲೋಲಕವನ್ನು ಮಾಡಿದರು. ಉದ್ದ ಒಂದು ಮೀಟರು. ದಾರದ ದಿಕ್ಕಿನಲ್ಲಿ ಫೋನು ಬರೆದ ಅಲೆಗಳನ್ನು ಎಣಿಸಿ, ಗುರುತ್ವ ವೇಗೋತ್ಕರ್ಷ 39 ಎಂದು ಉತ್ತರ ತಂದರು! ಪುಸ್ತಕದಲ್ಲಿರುವುದು 9.8. ಫೋನು ಕೆಟ್ಟಿದೆಯೆಂದು ಎಲ್ಲರೂ ತೀರ್ಮಾನಿಸಿದರು.

ಫೋನು ಕೆಟ್ಟಿರಲಿಲ್ಲ. ಉಯ್ಯಾಲೆಯಲ್ಲಿ ಕುಳಿತವರಿಗೆ ಕೆಳಗೆ ಬಂದಾಗಲೆಲ್ಲ ಮೈ ಭಾರವಾದಂತೆ ತೋರುವುದಷ್ಟೆ? ಒಮ್ಮೆ ಹೋಗುವಾಗ, ಒಮ್ಮೆ ಬರುವಾಗ, ಹೀಗೆ ಒಂದು ಪೂರ್ಣ ತೂಗಾಟದಲ್ಲಿ ಎರಡು ಸಲ ಕೆಳಬಿಂದುವನ್ನು ದಾಟುತ್ತೇವೆ. ಫೋನೂ ಹಾಗೆಯೇ ಎರಡು ಅಲೆಗಳನ್ನು ಬರೆದಿತ್ತು. ವಿದ್ಯಾರ್ಥಿಗಳು ಒಂದು ಅಲೆಯನ್ನೇ ಒಂದು ತೂಗಾಟವೆಂದು ಎಣಿಸಿದ್ದರು. ಕಾಲ ಅರ್ಧವಾದರೆ ಸೂತ್ರದ ಪ್ರಕಾರ ಉತ್ತರ ನಾಲ್ಕು ಪಟ್ಟಾಗುತ್ತದೆ. 39ನ್ನು ನಾಲ್ಕರಿಂದ ಭಾಗಿಸಿದಾಗ ಮಡಿಕೇರಿಗೆ ಸಲ್ಲಬೇಕಾದ 9.78ರ ಸಮೀಪಕ್ಕೇ ಬಂದೆವು. ಬೆಲೆಬಾಳುವ ಉಪಕರಣದಿಂದ ಮೊದಲೇ ಸರಿಯುತ್ತರ ಬಂದಿದ್ದರೆ ಈ ಪಾಠ ಅವರಿಗೆ ದೊರೆಯುತ್ತಿರಲಿಲ್ಲ.

ಆಕಾಶಕ್ಕೇರಿದ ಫೋನುಗಳು

ಇದು ಮಕ್ಕಳಾಟವೆಂದು ಯಾರಾದರೂ ಮೂಗು ಮುರಿದರೆ ಅವರಿಗೆ ಒಂದು ಸಂಗತಿಯನ್ನು ಹೇಳಬೇಕು. 2013ರ ಫೆಬ್ರವರಿ 25ರಂದು ಶ್ರೀಹರಿಕೋಟೆಯಿಂದ ಮೇಲೇರಿದ ನಮ್ಮ ಪಿ.ಎಸ್.ಎಲ್.ವಿ. ಸಿ-20 ರಾಕೆಟ್ಟು ‘ಸರಳ್’ ಉಪಗ್ರಹದ ಜೊತೆಗೆ ಇಂಗ್ಲೆಂಡಿನ ಸರ್ರೆಯಲ್ಲಿ ತಯಾರಾದ ‘ಸ್ಟ್ರ್ಯಾಂಡ್-1’ ಎಂಬ ಪುಟ್ಟ ಉಪಗ್ರಹವನ್ನೂ ಒಯ್ದಿತು. ಅದರೊಳಗಿದ್ದುದು ಅಂಗಡಿಯಲ್ಲಿ ಸಿಗುತ್ತಿದ್ದ ನೆಕ್ಸಸ್ ಒನ್ ಎಂಬ ಆಂಡ್ರಾಯ್ಡ್ ಫೋನು. ಅದೇ ವರ್ಷ ಏಪ್ರಿಲಿನಲ್ಲಿ ಅಮೆರಿಕದ ನಾಸಾ ಸಂಸ್ಥೆಯೂ ಫೋನನ್ನೇ ಮಿದುಳಾಗಿ ಉಳ್ಳ ಮೂರು ಉಪಗ್ರಹಗಳನ್ನು ಹಾರಿಸಿ, ದೂರವಾಣಿಯ ಜನಕನ ನೆನಪಿಗಾಗಿ ಅವುಗಳಿಗೆ ಅಲೆಕ್ಸಾಂಡರ್, ಗ್ರಹಾಮ್, ಬೆಲ್ ಎಂದು ಹೆಸರಿಟ್ಟಿತು. ಜೇಬಿನ ಫೋನು ಅಂತರಿಕ್ಷದಲ್ಲಿಯೂ ದುಡಿಯಬಲ್ಲುದೆ ಎಂದು ಪರೀಕ್ಷಿಸುವುದು ಇವುಗಳ ಗುರಿಯಾಗಿತ್ತು.

ಎರಡು ಫೋನು, ಒಂದು ಸೂಕ್ಷ್ಮದರ್ಶಕ

ಪೂರಾ ಸತ್ತ ಫೋನಿನಿಂದಲೂ ಪ್ರಯೋಜನವುಂಟು. ಅದರ ಕ್ಯಾಮರಾದ ಮಸೂರವನ್ನು ಜಾಗರೂಕತೆಯಿಂದ ಬಿಡಿಸಿ, ತಿರುವುಮುರುವಾಗಿ, ಕೆಲಸ ಮಾಡುತ್ತಿರುವ ಫೋನಿನ ಮಸೂರಕ್ಕೆ ಮುಖಾಮುಖಿಯಾಗಿ ಅಂಟಿಸಬೇಕು. ದೂರದ ದೃಶ್ಯವನ್ನು ಚಿಕ್ಕದಾಗಿಸಿ ಹತ್ತಿರದ ಫಲಕದ ಮೇಲೆ ಬೀಳಿಸುವುದು ಈ ಮಸೂರದ ಸ್ವಭಾವ. ತಿರುಗಿಸಿಟ್ಟಾಗ ಅದು ಹತ್ತಿರದ ವಸ್ತುವಿನ ಕಿರಣಗಳನ್ನು ಸಮಾಂತರವಾಗಿಸಿ ಮುಂದಕ್ಕೆ ಕಳುಹಿಸುತ್ತದೆ. ಎರಡನೆಯ ಮಸೂರ ಅವನ್ನು ತನ್ನ ಫಲಕದ ಮೇಲೆ ಕೂಡಿಸುತ್ತದೆ. ಎರಡರ ಸಂಗಮದೂರವೂ ಸಮವಾದರೆ ಬಿಂಬ ವಸ್ತುವಿನಷ್ಟೇ ದೊಡ್ಡದಾಗಿರುತ್ತದೆ. ಇದರಲ್ಲಿ ಹೆಚ್ಚುಗಾರಿಕೆ ಏನೆಂದು ಕೇಳಬಹುದು. ಫಲಕದ ಒಂದೊಂದು ಬೆಳಕಿನ ಕಣವೂ ಒಂದೆರಡು ಮೈಕ್ರಾನಿಗಿಂತ ದೊಡ್ಡದಲ್ಲ. ಆದುದರಿಂದ ಮಿಲಿಮೀಟರಿನ ಕೆಲವು ಸಾವಿರದ ಒಂದು ಪಾಲಿನಷ್ಟು ಸಣ್ಣ ವಿವರವೂ ಚಿತ್ರದಲ್ಲಿ ದಾಖಲಾಗುತ್ತದೆ. ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು.

ಕೊಡಗಿನಲ್ಲಿ ಇದರಿಂದ ನೋಡಬೇಕಾದ್ದು ಕಾಫಿಯ ಎಲೆಯನ್ನು. ಎಲೆಯ ಕೆಳಮೈಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಾಣಿಸಿಕೊಂಡರೆ ಬೆಳೆಗಾರನ ಎದೆ ಧಸಕ್ಕೆನ್ನುತ್ತದೆ. ಅದೇ ತುಕ್ಕು ರೋಗ. 1869ರಲ್ಲಿ ಸಿಂಹಳದಲ್ಲಿ ಇದನ್ನು ಗುರುತಿಸಿದರು. ಮುಂದೆ ಅಲ್ಲಿಯ ಕಾಫಿ ತೋಟಗಳು ಅಳಿದು ಚಹಾ ಬಂದುದಕ್ಕೆ ಈ ಶಿಲೀಂಧ್ರವೇ ಮುಖ್ಯ ಕಾರಣ. ಅದರ ಬೀಜಾಣುವಿನ ಉದ್ದ ಸುಮಾರು 30 ಮೈಕ್ರಾನು. ನಮ್ಮ ಜೋಡಿ ಮಸೂರದಲ್ಲಿ ಅದು ಹುರುಳಿಕಾಳಿನ ಆಕಾರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅದರ ಒಂದು ಪಕ್ಕ ನುಣುಪು, ಇನ್ನೊಂದು ಪಕ್ಕ ಒರಟು. ‘ಅರೆನುಣುಪು’ ಎಂಬ ಅರ್ಥದ ‘ಹೆಮಿಲಿಯ’ ಎಂಬ ಹೆಸರು ಬಂದದ್ದು ಇದರಿಂದಲೇ. ಆದರೆ ಆ ಒರಟುತನವನ್ನು ಬಿಡಿಸಿ ತೋರಿಸುವಷ್ಟು ಶಕ್ತಿ ನಮ್ಮ ಸಾಧನಕ್ಕಿಲ್ಲ. ರೋಗದ ನಿಶ್ಚಯಕ್ಕೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದ ತಜ್ಞರನ್ನು ಕೇಳುವುದೇ ಸರಿ.

ಯಜಮಾನಿಕೆಯ ತಂತಿ

ಫೋನಿಗೆ ಕೀಲಿಮಣೆಯನ್ನೋ ಹಾವಿನಂತೆ ಬಳುಕುವ ಕೊಳವೆ ಕ್ಯಾಮರಾವನ್ನೋ ಜೋಡಿಸಲು ಒ.ಟಿ.ಜಿ. ಎಂಬ ಗೇಣುದ್ದದ ತಂತಿ ಬೇಕು. ಹಳೆಯ ಚಪ್ಪಟೆ ಬಾಯಿಯ ಫೋನುಗಳಲ್ಲಿ ಐದು ಸಂಪರ್ಕಗಳಿವೆ. ಎರಡು ವಿದ್ಯುತ್ತಿಗೆ, ಎರಡು ಮಾಹಿತಿಗೆ. ಉಳಿದ ಒಂದು ಗುರುತಿಗೆ. ಸಾಮಾನ್ಯ ತಂತಿಯಲ್ಲಿ ಈ ಗುರುತಿನ ಸಂಪರ್ಕ ಯಾವುದಕ್ಕೂ ಸೇರಿರುವುದಿಲ್ಲ. ಆಗ ಫೋನು ಗಣಕಕ್ಕೆ ಸೇವಕನಾಗಿರುತ್ತದೆ. ಒ.ಟಿ.ಜಿ. ತಂತಿಯಲ್ಲಿ ಅದನ್ನು ಭೂಸಂಪರ್ಕಕ್ಕೆ ಜೋಡಿಸಿರುತ್ತಾರೆ. ಅಷ್ಟರಿಂದಲೇ ಫೋನು ತಾನು ಯಜಮಾನನೆಂದು ತಿಳಿದು, ಎದುರಿನ ಸಾಧನಕ್ಕೆ ವಿದ್ಯುತ್ತು ಕೊಟ್ಟು ಆಜ್ಞೆ ಮಾಡತೊಡಗುತ್ತದೆ. ಮುಚ್ಚಿಹೋದ ನೀರಿನ ಕೊಳವೆಯನ್ನೂ ಮರದ ಪೊಟರೆಯ ಜೇನುಗೂಡನ್ನೂ ಹೀಗೆ ಇಣುಕಿ ನೋಡಬಹುದು.

ಗುಡ್ಡದ ಪ್ರಶ್ನೆ

ಒಂದು ದಿನ ಲೋಲಕದ ಪ್ರಯೋಗ ಮುಗಿದ ಮೇಲೆ ವಿದ್ಯಾರ್ಥಿನಿಯೊಬ್ಬಳು ಹಿಂದುಳಿದು, “ಸಾರ್, ಇದನ್ನು ನಮ್ಮ ಮನೆಯ ಹಿಂದಿನ ಬರೆಯಲ್ಲಿ ಹೂಳಿದರೆ ಗುಡ್ಡ ಜಾರುವ ಮೊದಲು ಹೇಳೀತೇ?” ಎಂದು ಕೇಳಿದಳು. ಈ ಪ್ರಶ್ನೆ ಎಲ್ಲಿಂದ ಬಂದಿತೆಂದು ಕೊಡಗಿನವರಿಗೆ ವಿವರಿಸಬೇಕಾಗಿಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಮೊದಲಾದೆಡೆ ಗುಡ್ಡಗಳು ಮನೆಗಳ ಮೇಲೆ ಇಳಿದುವು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿಯಿತು.

ಮೇಲುನೋಟಕ್ಕೆ ಅವಳ ಯೋಚನೆ ಸರಿಯಾಗಿಯೇ ಇದೆ. ಫೋನು ಒಂದು ಡಿಗ್ರಿ ವಾಲಿದರೆ ಅಡ್ಡ ದಿಕ್ಕಿನ ಅಳತೆ 0.17ರಷ್ಟು ಬದಲಾಗುತ್ತದೆ, ಅದನ್ನು ಗುರುತಿಸುವುದು ಸುಲಭ. ಪರೀಕ್ಷಿಸಿ ನೋಡೋಣವೆಂದು ಫೋನೊಂದನ್ನು ಕಾಲೇಜಿನ ಕಲ್ಲುಗೋಡೆಗೆ ಬಿಗಿದೆವು. ಮರುದಿನ ನೋಡಿದಾಗ ಗೋಡೆ ಬೆಳಗಿನಿಂದ ಮಧ್ಯಾಹ್ನದವರೆಗೆ ಸುಮಾರು ಕಾಲು ಡಿಗ್ರಿ ವಾಲಿ, ಸಂಜೆಗೆ ಮತ್ತೆ ನೆಟ್ಟಗಾಗಿತ್ತು! ಗೋಡೆ ವಾಲಿರಲಿಲ್ಲ. ಕಿಟಕಿಯ ಬಿಸಿಲಿಗೆ ಫೋನು ಕಾದು, ಅದರೊಳಗಿನ ಸ್ಪ್ರಿಂಗು ತಕ್ಕಡಿ ತಪ್ಪು ತೂಗಿತ್ತು. ಹೀಗೆ ಸುಳ್ಳು ಗಾಬರಿ ಎಬ್ಬಿಸುವ ಉಪಕರಣ ಸುಳ್ಳು ಧೈರ್ಯವನ್ನೂ ಕೊಡಬಲ್ಲುದು. ಎರಡನೆಯದು ಪ್ರಾಣಾಪಾಯ.

ಹಾಗಾದರೆ ಭೂಕಂಪನವನ್ನು ಫೋನುಗಳು ಪತ್ತೆ ಹಚ್ಚುವುದು ಹೇಗೆ? 2022ರ ಜೂನಿನಲ್ಲಿ ಚೆಂಬು ಗ್ರಾಮದ ಸುತ್ತಮುತ್ತ ನೆಲ ನಡುಗಿದುದನ್ನು ಬಲ್ಲವರು ಹೀಗೆ ಕೇಳುವುದು ಸಹಜ. ಆಂಡ್ರಾಯ್ಡ್ ಫೋನುಗಳ ಭೂಕಂಪನ ಎಚ್ಚರಿಕೆಯ ವ್ಯವಸ್ಥೆ 2020ರಲ್ಲಿ ಆರಂಭವಾಗಿ 2023ರಲ್ಲಿ ಭಾರತಕ್ಕೂ ಬಂದಿತು. ಅಲ್ಲಿ ನಂಬುವುದು ಒಂದು ಫೋನನ್ನಲ್ಲ. ಒಂದೇ ಪ್ರದೇಶದ ಬಹುಸಂಖ್ಯೆಯ ಫೋನುಗಳು ಒಂದೇ ಗಳಿಗೆಯಲ್ಲಿ ನಡುಗಿದರೆ ಮಾತ್ರ ಅದು ಭೂಕಂಪವೆಂದು ಎಣಿಕೆ. ಒಬ್ಬ ಸಾಕ್ಷಿ ತಪ್ಪಬಹುದು; ಊರೆಲ್ಲ ಕೂಡಿ ಒಂದೇ ಬಗೆಯಾಗಿ ತಪ್ಪುವುದು ಅಪರೂಪ. ಬರೆಯಲ್ಲಿ ಹೂತ ನಮ್ಮ ಫೋನಾದರೋ ಒಂಟಿ ಸಾಕ್ಷಿ. ಅಲ್ಲದೆ, ಗುಡ್ಡ ಜಾರುವ ಮೊದಲು ಅದರೊಳಗೆ ನೀರಿನ ಒತ್ತಡ ಏರುತ್ತದೆ. ಅದು ಫೋನಿಗೆ ಗೋಚರವಾಗದು. ಕೇರಳದ ಮುನ್ನಾರಿನಲ್ಲಿ ಅಮೃತ ವಿಶ್ವವಿದ್ಯಾಪೀಠದವರು ಸ್ಥಾಪಿಸಿದ ವ್ಯವಸ್ಥೆಯಲ್ಲಿ ನೆಲವನ್ನು ಆಳಕ್ಕೆ ಕೊರೆದು ಈ ಒತ್ತಡವನ್ನೇ ಅಳೆಯುತ್ತಾರೆ.

ಆದರೂ ಅವಳನ್ನು ಬರಿಗೈಯಲ್ಲಿ ಕಳುಹಿಸಲಿಲ್ಲ. ಫೋನಿನ ತಕ್ಕಡಿಗಿಂತ ಅದರ ಕಣ್ಣು ಹೆಚ್ಚು ಪ್ರಾಮಾಣಿಕವಾದುದು. ಬರೆಯ ಮೇಲೆ ಬಿರುಕಿದ್ದರೆ ಅದರ ಎರಡು ಪಕ್ಕಗಳಲ್ಲಿ ಒಂದೊಂದು ಗೂಟ ನೆಟ್ಟು, ನಡುವೆ ಅಳತೆಪಟ್ಟಿ ಇಟ್ಟು, ದಿನಕ್ಕೆರಡು ಸಲ ಫೋನಿನಿಂದ ಚಿತ್ರ ತೆಗೆಯಬೇಕು. ಅಂಗಳದಲ್ಲಿ ನೆಟ್ಟಗಿನ ಗೋಡೆಯ ಡಬ್ಬಿಯೊಂದನ್ನಿಟ್ಟು ಮಳೆಯನ್ನೂ ಅಳೆಯಬೇಕು. ಅದರಲ್ಲಿ ನಿಂತ ಒಂದೊಂದು ಮಿಲಿಮೀಟರು ನೀರೂ ಚದರ ಮೀಟರು ನೆಲಕ್ಕೆ ಬಿದ್ದ ಒಂದೊಂದು ಲೀಟರಿಗೆ ಸಮ. ಬಿರುಕು ಅಗಲವಾದುದು ಕಂಡರೆ ಇನ್ನೊಂದು ಚಿತ್ರಕ್ಕೆ ಕಾಯದೆ ಮನೆಯನ್ನು ಬಿಡಬೇಕು. ಬಿರುಕು ಕಾಣದಿದ್ದರೂ ಮನೆ ಬಿಡಿರೆಂದು ಅಧಿಕಾರಿಗಳು ಹೇಳಿದಾಗ ಬಿಡಲೇಬೇಕು.

ಒಂದು ಎಚ್ಚರಿಕೆ

ಇಂತಹ ಕೆಲಸಕ್ಕೆ ಕೈಹಾಕುವವರು ಬ್ಯಾಟರಿಯ ವಿಷಯದಲ್ಲಿ ಜಾಗರೂಕರಾಗಿರಬೇಕು. ಬೇಸಗೆಯ ರಜೆಯಲ್ಲಿ ನಾನು ಫೋನೊಂದನ್ನು ಚಾರ್ಜರಿಗೆ ಸಿಕ್ಕಿಸಿ ಮರೆತುಹೋದೆ. ಹಿಂದಿರುಗಿ ಬಂದಾಗ ಅದರ ಬೆನ್ನು ಪೂರಿಯಂತೆ ಉಬ್ಬಿ ಮುಚ್ಚಳ ಕಳಚಿತ್ತು. ಲಿಥಿಯಮ್ ಬ್ಯಾಟರಿಯನ್ನು ಸದಾ ಪೂರ್ಣ ತುಂಬಿಸಿಟ್ಟರೆ ಒಳಗಿನ ದ್ರವ ಮೆಲ್ಲಮೆಲ್ಲನೆ ವಿಘಟಿಸಿ ಅನಿಲವಾಗುತ್ತದೆ. ಸೆಕೆಯಲ್ಲಿ ಇನ್ನೂ ಬೇಗ. ಉಬ್ಬಿದುದನ್ನು ಚುಚ್ಚಿದರೆ ಅಥವಾ ಮಡಿಸಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಅದನ್ನು ಮತ್ತೆ ತುಂಬಿಸಕೂಡದು, ಕಸದ ಬುಟ್ಟಿಗೂ ಹಾಕಕೂಡದು. ವಿದ್ಯುನ್ಮಾನ ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು. ಕೆಲಸದಲ್ಲಿರುವ ಫೋನಿಗೂ ದಿನದಲ್ಲಿ ಕೆಲವು ಗಂಟೆ ಮಾತ್ರ ವಿದ್ಯುತ್ತು ಕೊಡುವ ಕಾಲನಿಯಂತ್ರಕವನ್ನು ಜೋಡಿಸುವುದು ಕ್ಷೇಮ.

ಆ ವಿದ್ಯಾರ್ಥಿನಿ ಈಗ ಪ್ರತಿದಿನದ ಮಳೆಯನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತಾಳೆ. ಅವಳ ಫೋನು ಬಿರುಕಿನ ಚಿತ್ರ ತೆಗೆಯುತ್ತದೆ. ನೋಡಿ ತೀರ್ಮಾನಿಸುವವಳು ಅವಳು. ಉಪಕರಣ ಹೊಸದಿರಲಿ, ಹಳೆಯದಿರಲಿ, ಅದು ಹೇಳುವುದೆಷ್ಟು, ಹೇಳದೆ ಬಿಡುವುದೆಷ್ಟು ಎಂಬುದನ್ನು ಅರಿತು ಬಳಸುವುದೇ ವಿಜ್ಞಾನದ ಮೊದಲ ಪಾಠ. ಅಟ್ಟದ ಮೂಲೆಯ ಫೋನು ಈ ಪಾಠವನ್ನು ಕಲಿಸಿದರೆ, ಕೊಂಡಾಗ ಕೊಟ್ಟ ಹಣ ಎರಡನೆಯ ಸಲ ಸಾರ್ಥಕವಾಯಿತೆಂದೇ ತಿಳಿಯಬಹುದು.