ಬೀಗಿತ್ತಿ ಕಲಿಸಿದ ಗ್ರೀಕ್ ಪದ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದವಳು ನಾನು. ‘ಡಿಗ್ನಿಟಿ’ ಅಂದರೇನು ಅಂತ ಯಾರಾದರೂ ಕೇಳಿದ್ದರೆ, ‘ಘನತೆ ಕಣ್ರೀ, ಅದರಲ್ಲೇನಿದೆ’ ಅಂದುಬಿಡುತ್ತಿದ್ದೆ. ಅದೇ ಪದ ಪರದೇಶದಲ್ಲಿ, ಅದೂ ಬೀಗರ ಮನೆಯಲ್ಲಿ, ನಾನು ತಲೆ ತಗ್ಗಿಸಿ ಕೂರುವ ಹಾಗೆ ಮಾಡುತ್ತದೆ ಅಂತ ಕನಸಿನಲ್ಲೂ ಎಣಿಸಿರಲಿಲ್ಲ.

ನಮ್ಮ ಮಗ ಮದುವೆಯಾದದ್ದು ಗ್ರೀಕ್ ಹುಡುಗಿಯನ್ನು. ಇಬ್ಬರೂ ಕೆಲಸದಲ್ಲಿರುವುದು ಜರ್ಮನಿಯಲ್ಲಿ. 2016ರಲ್ಲಿ ನಾವು ಗಂಡ ಹೆಂಡತಿ ಮೊದಲ ಸಲ ಸೊಸೆಯ ತವರು ಅಥೆನ್ಸ್‌ಗೆ ಹೋದೆವು. ಕಿಪ್ಸೆಲಿ ಅನ್ನುವ ಹಳೇ ಬಡಾವಣೆ. ಒತ್ತೊತ್ತಾಗಿ ನಿಂತ ಅಪಾರ್ಟ್‌ಮೆಂಟುಗಳು, ಬಾಲ್ಕನಿಗಳಿಗೆ ಬಿಸಿಲು ತಡೆಯುವ ದಪ್ಪ ಬಟ್ಟೆಯ ಮರೆ. ಬೀಗರು ತೀರಿಹೋಗಿ ಬಹಳ ವರ್ಷವಾಗಿತ್ತು. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಮಾಡಿ ನಿವೃತ್ತರಾದ ಬೀಗಿತ್ತಿ ಒಬ್ಬರೇ ಇದ್ದರು.

ಗ್ರೀಸ್ ಆಗ ಸಾಲದ ಸುಳಿಯಲ್ಲಿತ್ತು. 2010ರಿಂದ ಪಿಂಚಣಿಗೆ ಮತ್ತೆ ಮತ್ತೆ ಕತ್ತರಿ ಬಿದ್ದಿತ್ತು. ಕ್ರಿಸ್ಮಸ್, ಈಸ್ಟರ್ ಮತ್ತು ಬೇಸಿಗೆ ರಜೆಗೆ ಅಂತ ಕೊಡುತ್ತಿದ್ದ ಹೆಚ್ಚುವರಿ ಹಣವೂ ನಿಂತುಹೋಗಿತ್ತು. ಹಿಂದಿನ ವರ್ಷ ಬ್ಯಾಂಕುಗಳು ಬಾಗಿಲು ಹಾಕಿದಾಗ ಎಟಿಎಂನಲ್ಲಿ ದಿನಕ್ಕೆ 60 ಯೂರೊ ಮಾತ್ರ. ಕಾರ್ಡ್ ಇಲ್ಲದ ಪಿಂಚಣಿದಾರರು ವಾರಕ್ಕೆ 120 ಯೂರೊಗಾಗಿ ಬಿಸಿಲಲ್ಲಿ ಸಾಲು ನಿಂತಿದ್ದರು. ನಮ್ಮ ಬೀಗಿತ್ತಿಯೂ ಆ ಸಾಲಿನಲ್ಲಿದ್ದವರೇ.

ಇಷ್ಟಾದರೂ ನಾವು ಹೋದ ದಿನ ಮೇಜಿನ ತುಂಬ ಅಡುಗೆ. ನಾವು ಸಸ್ಯಾಹಾರಿಗಳು ಅಂತ ಅನ್ನ ತುಂಬಿ ಬೇಯಿಸಿದ ಟೊಮ್ಯಾಟೊ, ದೊಣ್ಣೆ ಮೆಣಸಿನಕಾಯಿ, ಬೀನ್ಸ್, ಮನೆಯಲ್ಲೇ ಮಾಡಿದ ಪೈ. ಮೂರನೇ ದಿನ ರಾತ್ರಿ ನೀರು ಕುಡಿಯಲು ಎದ್ದವಳು ಕಂಡೆ. ನಮಗೆಲ್ಲ ಬಡಿಸಿದ ಆಕೆ ಅಡುಗೆಮನೆಯಲ್ಲಿ ನಿಂತುಕೊಂಡೇ ಒಣ ಬ್ರೆಡ್ಡಿಗೆ ಎಣ್ಣೆ ಹಚ್ಚಿಕೊಂಡು ತಿನ್ನುತ್ತಿದ್ದರು.

ನನ್ನ ಕರುಳು ಚುರ್ ಅಂತು. ಮಾರನೇ ದಿನ ಒಂದು ಕವರಿನಲ್ಲಿ ಒಂದಿಷ್ಟು ಯೂರೊ ಹಾಕಿ ಆಕೆಯ ಕೈಗಿಟ್ಟೆ. ಸೊಸೆ ದುಭಾಷಿ. ಸುಮ್ಮನೆ ‘ತಗೊಳ್ಳಿ’ ಅಂದಿದ್ದರೆ ಆಗಿತ್ತೋ ಏನೋ. ಇಂಗ್ಲಿಷ್ ಮೇಡಂ ಅಲ್ಲವೇ, ಒಂದು ಒಳ್ಳೆಯ ವಾಕ್ಯ ಹೇಳಬೇಕು ಅನ್ನಿಸಿತು. ‘ನೀವು ಡಿಗ್ನಿಟಿಯಿಂದ ಬದುಕಬೇಕು ಅನ್ನುವುದಷ್ಟೇ ನಮ್ಮ ಆಸೆ’ ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಸೊಸೆ ಒಂದು ಕ್ಷಣ ತಡವರಿಸಿದಳು. ಆಮೇಲೆ ಅವಳ ಬಾಯಿಂದ ಬಂದ ಪದ ‘ಅಕ್ಸಿಯೊಪ್ರೇಪಿಯಾ’. ಬೀಗಿತ್ತಿಯ ಮುಖ ಬಿಗಿದುಕೊಂಡಿತು. ಕವರನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಎರಡೇ ಮಾತು ಹೇಳಿದರು. ಸೊಸೆ ಅದನ್ನು ನನಗೆ ಹೇಳಲು ಹಿಂದೆಮುಂದೆ ನೋಡಿದಳು. ಬಲವಂತ ಮಾಡಿದ ಮೇಲೆ ಹೇಳಿದಳು: ‘ಕಡಿತ ಆಗಿದ್ದು ನನ್ನ ಪಿಂಚಣಿ. ಅಕ್ಸಿಯೊಪ್ರೇಪಿಯಾ ಅಲ್ಲ.’

ಒಂದೇ ಪದ, ಎರಡು ಕಿವಿ

ಆ ರಾತ್ರಿ ಬಾಲ್ಕನಿಯಲ್ಲಿ ಕೂತು ಸೊಸೆ ನನಗೆ ಪದ ಬಿಡಿಸಿ ತೋರಿಸಿದಳು. ‘ಆಕ್ಸಿಯೊಸ್’ ಅಂದರೆ ಬೆಲೆಯುಳ್ಳದ್ದು, ಯೋಗ್ಯ. ‘ಪ್ರೇಪಿ’ ಅಂದರೆ ತಕ್ಕದ್ದು. ಈಗಿನ ಗ್ರೀಕ್‌ನಲ್ಲಿ ‘ಮಾಡಲೇಬೇಕು’ ಅನ್ನುವುದಕ್ಕೂ ಅದೇ ಪದ. ನಮ್ಮ ಸರ್ಕಾರಿ ಕಾಗದಗಳಲ್ಲಿ ‘ಮಾಡತಕ್ಕದ್ದು’ ಅಂತ ಬರೆಯುವುದಿಲ್ಲವೇ, ಹಾಗೆಯೇ. ಎರಡೂ ಸೇರಿದರೆ, ತನ್ನ ಯೋಗ್ಯತೆಗೆ ತಕ್ಕ ಹಾಗೆ ನಡೆದುಕೊಳ್ಳುವುದು. ನಾನು ‘ನಿಮಗೆ ಕಷ್ಟ ಬಾರದಿರಲಿ’ ಅಂದುಕೊಂಡು ಹೇಳಿದ್ದು ಆಕೆಗೆ ‘ಇನ್ನು ಮೇಲಾದರೂ ಮರ್ಯಾದೆಯಿಂದ ಬದುಕಿ’ ಅಂತ ಕೇಳಿಸಿತ್ತು! ಕನ್ನಡದಲ್ಲಿ ಯಾರಾದರೂ ನನಗೆ ಹಾಗಂದಿದ್ದರೆ ನಾನು ಕವರನ್ನು ಮೇಜಿನ ಮೇಲಿಡುತ್ತಿರಲಿಲ್ಲ, ಬಿಸಾಕುತ್ತಿದ್ದೆ.

ಇಂಗ್ಲಿಷ್ ಪದದ ದಾರಿಯೇ ಬೇರೆ. ಅದು ಬಂದದ್ದು ಲ್ಯಾಟಿನ್ನಿನ ‘ಡಿಗ್ನಿತಾಸ್’ನಿಂದ, ಫ್ರೆಂಚ್ ಬಾಗಿಲ ಮೂಲಕ. ರೋಮನ್ನರಲ್ಲಿ ಅದು ಹೆಚ್ಚಾಗಿ ದೊಡ್ಡ ಮನುಷ್ಯರ ಅಂತಸ್ತು, ಹುದ್ದೆಯಿಂದ ಬರುವ ಮರ್ಯಾದೆ. ಗಣ್ಯರಿಗೆ ಇವತ್ತೂ ‘ಡಿಗ್ನಿಟರಿ’ ಅನ್ನುವುದು ಅದಕ್ಕೇ. ಶೇಕ್ಸ್‌ಪಿಯರ್‌ನ ‘ರೋಮಿಯೊ ಅಂಡ್ ಜೂಲಿಯೆಟ್’ ನಾಟಕದ ಮೊದಲ ಸಾಲಿನಲ್ಲೇ ಈ ಪದವಿದೆ. ಅಲ್ಲೂ ಅದರರ್ಥ ಎರಡು ಮನೆತನಗಳ ಅಂತಸ್ತು.

ಆ ಪದ ಮೆಟ್ಟಿಲಿಳಿದು ಎಲ್ಲರ ಮನೆಗೂ ಬರಲು ಬಹಳ ಕಾಲ ಹಿಡಿಯಿತು. 1948ರ ಡಿಸೆಂಬರ್ 10ರಂದು ಪ್ಯಾರಿಸ್‌ನಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಾನವ ಹಕ್ಕುಗಳ ಘೋಷಣೆ, ಹುಟ್ಟಿದ ಪ್ರತಿಯೊಬ್ಬರೂ ಘನತೆಯಲ್ಲಿ ಸಮಾನರು ಅಂತ ಮೊದಲ ವಿಧಿಯಲ್ಲೇ ಹೇಳಿತು. ಕರಡಿನಲ್ಲಿ ‘ಎಲ್ಲ ಪುರುಷರು’ ಎಂದೂ ಅರ್ಥ ಬರುವ ಪದವಿತ್ತು. ಅದನ್ನು ತೆಗೆಸಿ ‘ಎಲ್ಲ ಮಾನವರು’ ಎಂದಾಗುವಂತೆ ಹಟ ಹಿಡಿದವರು ನಮ್ಮ ಹಂಸಾ ಮೆಹ್ತಾ. ಅಂದಿನಿಂದ ಡಿಗ್ನಿಟಿ ಅಂದರೆ ಲೋಕ ನನಗೆ ಕೊಡಬೇಕಾದದ್ದು, ನಾನು ಕೇಳಿ ಪಡೆಯಬಹುದಾದದ್ದು ಅನ್ನುವ ಅರ್ಥ ಗಟ್ಟಿಯಾಯಿತು. ನನ್ನ ಬಾಯಲ್ಲಿ ಬಂದದ್ದು ಇದೇ ಅರ್ಥ.

ಹಾಗಾದರೆ ಗ್ರೀಕರು ಈ ಅರ್ಥಕ್ಕೆ ಏನನ್ನುತ್ತಾರೆ? ಸರ್ವಾಧಿಕಾರ ಬಿದ್ದ ಮೇಲೆ 1975ರಲ್ಲಿ ಬರೆದುಕೊಂಡ ಸಂವಿಧಾನದ ಎರಡನೇ ವಿಧಿಯಲ್ಲಿ, ಮನುಷ್ಯನ ‘ಅಕ್ಸಿಯಾ’ವನ್ನು ಗೌರವಿಸಿ ಕಾಪಾಡುವುದು ರಾಜ್ಯದ ಮೊದಲ ಕರ್ತವ್ಯ ಎಂದಿದೆ. ಅಕ್ಸಿಯಾ ಅಂದರೆ ಬೆಲೆ, ಮೌಲ್ಯ. ಎರಡು ಪದಗಳ ನಡುವೆ ಗೋಡೆಯೇನಿಲ್ಲ. ವಿಶ್ವಸಂಸ್ಥೆಯ ಘೋಷಣೆಯ ಗ್ರೀಕ್ ಅನುವಾದದಲ್ಲಿ ಅಕ್ಸಿಯೊಪ್ರೇಪಿಯಾ ಅಂತಲೇ ಇದೆ. ಆದರೂ ಬೀಗಿತ್ತಿಯಂಥವರ ಕಿವಿಗೆ ವ್ಯತ್ಯಾಸ ಗೊತ್ತು. ಅಕ್ಸಿಯಾ ಹುಟ್ಟಿನಿಂದ ಬಂದದ್ದು, ಅದನ್ನು ಕಾಪಾಡುವ ಹೊಣೆ ಸರ್ಕಾರದ್ದು. ಅಕ್ಸಿಯೊಪ್ರೇಪಿಯಾ ನನ್ನದು, ಅದರ ಲೆಕ್ಕ ನಾನು ನನಗೇ ಒಪ್ಪಿಸಬೇಕು.

ಸೊಸೆ ಇನ್ನೊಂದು ಸಂಗತಿ ಹೇಳಿದಳು. 2012ರ ಏಪ್ರಿಲ್ 4ರಂದು ಸಂಸತ್ತಿನ ಎದುರಿನ ಸಿಂಟಗ್ಮಾ ಚೌಕದಲ್ಲಿ 77 ವರ್ಷದ ಒಬ್ಬ ನಿವೃತ್ತ ಔಷಧಿ ವ್ಯಾಪಾರಿ ಪ್ರಾಣ ಕಳೆದುಕೊಂಡರು. ಕಸದಲ್ಲಿ ಅನ್ನ ಹುಡುಕುವ ದಿನ ಬರುವ ಮೊದಲೇ ಘನತೆಯಿಂದ ಹೋಗುತ್ತೇನೆ ಅನ್ನುವ ಅರ್ಥದ ಚೀಟಿ ಬರೆದಿಟ್ಟಿದ್ದರು. ಆ ಸುದ್ದಿ ಬಂದ ದಿನ ಅಮ್ಮ ಊಟ ಮಾಡಲಿಲ್ಲವಂತೆ. ‘ಅಯ್ಯೋ, ಕಸದಲ್ಲಿ ಹುಡುಕಿದರೆ ನಾಚಿಕೆಯಾಗಬೇಕಾದದ್ದು ಅವರಿಗಲ್ಲ. ಅದನ್ನು ಯಾರಾದರೂ ಅವರ ಪಕ್ಕ ಕೂತು ಹೇಳಬೇಕಿತ್ತು’ ಅಂತ ಅಳುತ್ತಿದ್ದರಂತೆ. ಆ ಊರಿನಲ್ಲಿ ಆ ಪದಕ್ಕೆ ಎಷ್ಟು ಭಾರವಿತ್ತು ಅಂತ ನನಗೆ ಆಗ ಅರಿವಾಯಿತು. ನಾನು ಅದನ್ನು ಶುಭಾಶಯ ಪತ್ರದ ಮಾತಿನಂತೆ ಬಳಸಿಬಿಟ್ಟಿದ್ದೆ.

ತೂಕದ ಮಾತು

ಊರಿಗೆ ಬಂದ ಮೇಲೆ ನಿಘಂಟು ಹಿಡಿದು ಕೂತೆ. ಆಕ್ಸಿಯೊಸ್ ಪದದ ಹಳೆಯ ಅರ್ಥ ತಕ್ಕಡಿಯದು: ಇನ್ನೊಂದು ತಟ್ಟೆಗೆ ಸರಿತೂಗುವಷ್ಟು ಭಾರವುಳ್ಳದ್ದು. ನಮ್ಮ ‘ಗೌರವ’ ಹುಟ್ಟಿದ್ದು ‘ಗುರು’ವಿನಿಂದ, ಅಂದರೆ ಭಾರವಾದದ್ದು. ‘ಘನ’ ಅಂದರೆ ಗಟ್ಟಿ, ದಟ್ಟ. ತೂಕದ ಮನುಷ್ಯ, ತೂಕದ ಮಾತು ಅಂತ ನಾವು ಇವತ್ತಿಗೂ ಅನ್ನುತ್ತೇವೆ. ಗ್ರೀಕ್‌ನಲ್ಲಿ ‘ತಿಮಿ’ ಅಂದರೆ ಮಾನವೂ ಹೌದು, ಅಂಗಡಿಯಲ್ಲಿ ಹಚ್ಚಿದ ಬೆಲೆಚೀಟಿಯೂ ಹೌದು. ‘ಅವರ ಮಾತಿಗೆ ಬೆಲೆ ಕೊಡಬೇಕು’ ಅನ್ನುವ ನಮಗೆ ಇದು ವಿಚಿತ್ರ ಅನ್ನಿಸಬೇಕಿಲ್ಲ. ಇಂಗ್ಲಿಷ್ ನಡುವೆ ಬಾರದಿದ್ದರೆ ನಾನೂ ಬೀಗಿತ್ತಿಯೂ ಬೇಗ ಒಬ್ಬರನ್ನೊಬ್ಬರು ಅರ್ಥ ಮಾಡಿಕೊಳ್ಳುತ್ತಿದ್ದೆವೇನೋ!

ಆದರೆ ರಾಜಿಯಾದದ್ದು ನಿಘಂಟಿನಿಂದಲ್ಲ. ಕವರಿನ ಪ್ರಸಂಗದ ಎರಡನೇ ದಿನ ಬೀಗಿತ್ತಿ ಸೀರೆಯುಟ್ಟ ನನ್ನನ್ನು ಕೈಹಿಡಿದು ಫೋಕಿಯೋನೋಸ್ ನೆಗ್ರಿ ಅನ್ನುವ ಮರಗಳ ಬೀದಿಗೆ ಕರೆದೊಯ್ದರು. ಕಾಫಿ ಅಂಗಡಿಯಲ್ಲಿ ಕೂತೆವು. ತಳದಲ್ಲಿ ಪುಡಿ ನಿಲ್ಲುವ ಗ್ರೀಕ್ ಕಾಫಿ, ಪುಟ್ಟ ಕಪ್ಪಿನಲ್ಲಿ. ಬಿಲ್ಲು ಬಂದಾಗ ಅಭ್ಯಾಸಬಲದಿಂದ ನನ್ನ ಕೈ ಪರ್ಸಿಗೆ ಹೋಯಿತು. ಆಕೆ ನನ್ನ ಮೊಣಕೈ ಒತ್ತಿ ಹಿಡಿದು, ತನ್ನ ಚಿಕ್ಕ ಪರ್ಸಿನಿಂದ ನಾಣ್ಯಗಳನ್ನು ಒಂದೊಂದಾಗಿ ಎಣಿಸಿ ಇಟ್ಟರು. ಹೀಗೆ ಇನ್ನೊಬ್ಬರಿಗೆ ಕೊಡಿಸುವುದಕ್ಕೆ ಅಲ್ಲಿ ‘ಕೆರಾಸ್ಮಾ’ ಅನ್ನುತ್ತಾರೆ. ಅದಕ್ಕಾಗಿ ಗ್ರೀಕರು ನಮ್ಮವರ ಹಾಗೆಯೇ ಜಗಳವಾಡುತ್ತಾರೆ.

ನಾನು ಜಗಳವಾಡಲಿಲ್ಲ. ಪರ್ಸು ಮುಚ್ಚಿ, ಕಲಿತಿದ್ದ ಒಂದೇ ಗ್ರೀಕ್ ಪದ ಹೇಳಿದೆ: ‘ಎಫ್ಹಾರಿಸ್ತೊ’, ಧನ್ಯವಾದ. ಬೀಗಿತ್ತಿಯ ಮುಖ ಅರಳಿತು. ಮುಂದಿನ ತಿಂಗಳಿಂದ ಮಗ-ಸೊಸೆ ಅಲ್ಲಿಯ ಕರೆಂಟ್ ಬಿಲ್ಲನ್ನು ತಾವೇ ಕಟ್ಟತೊಡಗಿದರು. ಮಗಳು ಕಟ್ಟಿದರೆ ಆಕೆಯ ಅಭ್ಯಂತರವಿರಲಿಲ್ಲ.

ಆ ಕವರು? ಹೊರಡುವ ದಿನ ನನ್ನ ಸೂಟ್‌ಕೇಸಿನಲ್ಲಿ, ಆಕೆಯೇ ಹೆಣೆದ ಲೇಸಿನ ಮೇಜುವಸ್ತ್ರದ ಮಡಿಕೆಯೊಳಗೆ ಸಿಕ್ಕಿತು. ಹಾಕಿದ್ದು ಹಾಕಿದ ಹಾಗೇ ಇತ್ತು. ಆ ಮೇಜುವಸ್ತ್ರ ಈಗ ನಮ್ಮ ನಡುಮನೆಯಲ್ಲಿದೆ. ಬಂದವರೆಲ್ಲ ‘ಎಷ್ಟು ಕೊಟ್ರಿ ಇದಕ್ಕೆ?’ ಅಂತ ಕೇಳುತ್ತಾರೆ.