ಹೆಂಚಿನ ಒಳಮೈಯ ಅಕ್ಷರ

ಮಂಗಳೂರು ಹೆಂಚಿಗೆ ಎರಡು ಮೈ. ಹೊರಮೈ ಮಳೆಯದು. ಅಲ್ಲಿ ನೀರು ಜಾರಿಹೋಗಲು ತೋಡು, ಪಕ್ಕದ ಹೆಂಚನ್ನು ಕಚ್ಚಿಕೊಳ್ಳಲು ಅಂಚು. ಬರೆಯಲು ಜಾಗವಿಲ್ಲ, ಬರೆದರೂ ಪಾಚಿ ಉಳಿಸುವುದಿಲ್ಲ. ಕಂಪೆನಿಗಳು ತಮ್ಮ ಹೆಸರನ್ನು ಒಳಮೈಗೆ ಒತ್ತಿದ್ದು ಅದಕ್ಕೇ ಇರಬೇಕು. ಮುಚ್ಚಿಗೆ ಇಲ್ಲದ ಹಳೆಯ ಮನೆಯಲ್ಲಿ ಅಂಗಾತ ಮಲಗಿ ನೋಡಿ. ಇಳಿಜಾರಿಗೆ ಪಕ್ಕಾಸು, ಅದರ ಮೇಲೆ ಅಡ್ಡಕ್ಕೆ ರೀಪು, ರೀಪುಗಳ ನಡುವೆ ಸಾಲುಸಾಲಾಗಿ ಒಂದೇ ಮಾತು: ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865. ಇಂಗ್ಲಿಷಿನ ದಪ್ಪ ದೊಡ್ಡಕ್ಷರಗಳು. ಜ್ವರ ಬಂದು ಮಲಗಿದ ಮಕ್ಕಳು ಇವನ್ನು ಎಣಿಸಿ, ಕೂಡಿಸಿ, ಹಿಂದುಮುಂದಾಗಿ ಓದಿ ಹೊತ್ತು ಕಳೆದಿದ್ದಾರೆ.

ನನ್ನ ಕಸುಬು ಗ್ರಾಫಿಕ್ ಡಿಸೈನು. ಉಪ್ಪಿನಕಾಯಿ ಬಾಟಲಿಯ ಲೇಬಲ್ಲು, ಸಣ್ಣ ಪತ್ರಿಕೆಯ ಮುಖಪುಟ, ಯಾರದೋ ಬೇಕರಿಯ ಬೋರ್ಡು, ಹೀಗೆ. ದಾರಿಯಲ್ಲಿ ಚಂದದ ಅಕ್ಷರ ಕಂಡರೆ ಫೋನು ತೆಗೆಯುವುದು ಈ ಕಸುಬಿನವರ ಚಾಳಿ. ಲಾರಿಯ ಹಿಂಬದಿ, ಯಕ್ಷಗಾನದ ಬ್ಯಾನರು, ಊದುಬತ್ತಿಯ ಕೊಳವೆ, ಹಳೆಯ ಸೋಡಾ ಬಾಟಲಿ ಯಾವುದನ್ನೂ ಬಿಡುವುದಿಲ್ಲ. ಮೈಸೂರು ಸ್ಯಾಂಡಲ್ ಸೋಪಿನ ಪೆಟ್ಟಿಗೆಯನ್ನಂತೂ ಬಿಚ್ಚಿ, ಚಪ್ಪಟೆ ಮಾಡಿ, ಗೋಡೆಗೆ ಅಂಟಿಸಿಕೊಂಡಿದ್ದೇನೆ. ಆನೆಯ ತಲೆ, ಸಿಂಹದ ಮೈ ಇರುವ ಆ ಶರಭವನ್ನು ನೂರು ವರ್ಷದಿಂದ ದಿನಾ ಬೆಳಿಗ್ಗೆ ಕೈಯಲ್ಲಿ ಹಿಡಿದರೂ ನಾವು ಅದನ್ನು ನೋಡಿದ್ದು ಕಡಿಮೆ. ಆದರೆ ಈ ಸಂಗ್ರಹದಲ್ಲಿ ನನ್ನನ್ನು ಕೆಣಕುತ್ತಲೇ ಇರುವುದು ಹೆಂಚು. ಕಾರಣ, ಅದರ ಹಿಂದೆ ಇರುವ ಒಬ್ಬ ಮನುಷ್ಯ.

ಜಾರ್ಜ್ ಪ್ಲೆಬ್‌ಸ್ಟ್ ಜರ್ಮನಿಯವನು, ಯಂತ್ರದ ಕೆಲಸ ಬಲ್ಲವನು. 1851ರಲ್ಲಿ ಅವನು ಮಂಗಳೂರಿಗೆ ಬಂದದ್ದು ಹೆಂಚು ಮಾಡಲಿಕ್ಕಲ್ಲ, ಅಚ್ಚುಕೂಟ ನೋಡಿಕೊಳ್ಳಲಿಕ್ಕೆ. ಕ್ರೈಸ್ತ ಧರ್ಮಪ್ರಚಾರಕರ ಬಾಸೆಲ್ ಮಿಶನ್ನಿನ ಅಚ್ಚುಕೂಟ ಅದಕ್ಕೆ ಹತ್ತು ವರ್ಷ ಮೊದಲೇ, 1841ರಲ್ಲಿ ಶುರುವಾಗಿತ್ತು. ಆಗ ಅಲ್ಲಿ ಇದ್ದದ್ದು ಕಲ್ಲಚ್ಚು. ಹರ್ಮನ್ ಮೊಗ್ಲಿಂಗ್ 1843ರ ಜುಲೈಯಲ್ಲಿ ಹೊರತಂದ 'ಮಂಗಳೂರ ಸಮಾಚಾರ' ಕೂಡ ಕಲ್ಲಚ್ಚಿನದೇ. ಕನ್ನಡದ ಮೊದಲ ಪತ್ರಿಕೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವರು ಅದರ ಪುಟದ ಚಿತ್ರವನ್ನೊಮ್ಮೆ ಹುಡುಕಿ ನೋಡಬೇಕು. ಅದು ಅಚ್ಚಾದ ಕೈಬರಹ. ಬರೆಯುವವನ ಕೈ ಎಲ್ಲಿ ಬಿಗಿಯಾಯಿತು, ಸಾಲಿನ ಕೊನೆಗೆ ಎಲ್ಲಿ ಅವಸರ ಮಾಡಿತು ಎಲ್ಲವೂ ತಿಳಿಯುತ್ತದೆ.

ಕಲ್ಲಚ್ಚಿಗೆ ಒಂದು ಸುಖವಿದೆ. ಒತ್ತಕ್ಷರ ಎಷ್ಟು ಕೆಳಗಿಳಿದರೂ, ದೀರ್ಘ ಎಷ್ಟು ಬಲಕ್ಕೆ ಚಾಚಿದರೂ ಕಲ್ಲು ತಕರಾರು ಮಾಡುವುದಿಲ್ಲ. ಸೀಸದ ಮೊಳೆ ಹಾಗಲ್ಲ. ಪ್ರತಿ ಅಕ್ಷರಕ್ಕೂ ಒಂದು ಚೌಕ. ಚೌಕದ ಹೊರಗೆ ಕಾಲು ಚಾಚಿದರೆ ಮುರಿಯುತ್ತದೆ. 'ಸ್ತ್ರೀ' ಎಂದು ಜೋಡಿಸಲು ಎಷ್ಟು ಮೊಳೆ ಬೇಕು, ಒತ್ತುಗಳನ್ನು ಸಾಲಿನ ಅಡಿಯಲ್ಲಿ ಕೂರಿಸಲು ಸಾಲಿಗೂ ಸಾಲಿಗೂ ನಡುವೆ ಎಷ್ಟು ಜಾಗ ಬಿಡಬೇಕು ಎಂಬ ತಲೆನೋವು ಈಗಲೂ ಕನ್ನಡ ಫಾಂಟು ಮಾಡುವವರನ್ನು ಬಿಟ್ಟಿಲ್ಲ, ಸೀಸ ಹೋಗಿ ಪರದೆ ಬಂದಿದೆ ಅಷ್ಟೆ. ಮಂಗಳೂರಿನ ಅಚ್ಚುಕೂಟ ಕಲ್ಲಿನಿಂದ ಮೊಳೆಗೆ ದಾಟಿದ್ದು ಪ್ಲೆಬ್‌ಸ್ಟ್ ಬಂದ ಕಾಲಕ್ಕೆ. ಮುಂದೆ ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದೂ ಮಂಗಳೂರಿನಲ್ಲೇ. ಒಂದೇ ಸಾಲಿನಲ್ಲಿ ಕನ್ನಡ, ರೋಮನ್ ಲಿಪಿ, ಅಂಕಿ, ಕಂಸ, ಅಡ್ಡಗೆರೆಗಳನ್ನು ಕೂರಿಸಿದ ಆ ಪುಟಗಳನ್ನು ಕಂಪ್ಯೂಟರಿನಲ್ಲಿ ಮತ್ತೆ ಜೋಡಿಸಿ ನೋಡಿ ಎಂದು ನಾನು ಹೊಸ ಹುಡುಗರಿಗೆ ಕೊಡುವುದುಂಟು. ಅರ್ಧ ಪುಟಕ್ಕೆ ಕೈ ಎತ್ತುತ್ತಾರೆ.

ಅಂಥ ಅಚ್ಚುಕೂಟದ ಮನುಷ್ಯ ಹೆಂಚಿನ ಕಡೆ ತಿರುಗಿದ್ದು ಹೇಗೆ? ಮಿಶನ್ನಿಗೆ ಆಗ ಎರಡು ಚಿಂತೆ. ಮತಾಂತರಗೊಂಡವರಿಗೆ ಜಾತಿಯ ಜೊತೆಗೆ ಕಸುಬೂ ತಪ್ಪುತ್ತಿತ್ತು. ಅವರಿಗೆ ಕೆಲಸ ಬೇಕಿತ್ತು. ನೇಯ್ಗೆ ಶುರುವಾಗಿತ್ತು. ಖಾಕಿ ಬಣ್ಣ ಹುಟ್ಟಿದ್ದೇ ಆ ಮಗ್ಗದ ಮನೆಯಲ್ಲಿ ಎಂದು ಮಂಗಳೂರಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಇನ್ನೊಂದು ಚಿಂತೆ ಮಾಡಿನದು. ಮುಳಿಹುಲ್ಲಿನ ಮಾಡನ್ನು ಪದೇಪದೇ ಹೊದಿಸಬೇಕು, ಬೆಂಕಿಯ ಭಯ ಬೇರೆ. ಕುಂಬಾರರ ನಾಡಹೆಂಚು ಇತ್ತು, ಆದರೆ ಕರಾವಳಿಯ ಮಳೆಗಾಳಿಗೆ ಅದು ಜಾರುತ್ತದೆ, ಮಂಗ ಹತ್ತಿದರೆ ಕೇಳುವುದೇ ಬೇಡ. ನೇತ್ರಾವತಿ, ಗುರುಪುರ ಹೊಳೆಗಳ ದಡದಲ್ಲಿ ಒಳ್ಳೆಯ ಆವೆಮಣ್ಣು ರಾಶಿ ಬಿದ್ದಿತ್ತು. ಪ್ಲೆಬ್‌ಸ್ಟ್ ರಜೆಗೆಂದು ಊರಿಗೆ ಹೋದವನು ಮಣ್ಣು ಸುಡುವ ವಿದ್ಯೆ ಕಲಿತು ಬಂದ. ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚನ್ನು ಫ್ರಾನ್ಸಿನ ಆಲ್ಸಾಸಿನಲ್ಲಿ ಜಿಲಾರ್ದೋನಿ ಸಹೋದರರು 1841ರಲ್ಲೇ ಪೇಟೆಂಟು ಮಾಡಿಸಿದ್ದರು. ಅದೇ ಜಾತಿಯ ಹೆಂಚನ್ನು ಇಲ್ಲಿನ ಮಣ್ಣಿನಲ್ಲಿ ಮಾಡುವ ಕಾರ್ಖಾನೆ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ತೆರೆಯಿತು. ಮೊದಲಿಗೆ ಮಣ್ಣು ಕಲಸುವ ಯಂತ್ರ ತಿರುಗಿದ್ದು ಎತ್ತುಗಳ ಬಲದಿಂದ.

ಈ ಕತೆಯನ್ನು ಇತಿಹಾಸದವರು ಉದ್ಯಮದ ಕತೆಯಾಗಿ ಹೇಳುತ್ತಾರೆ. ನನಗೆ ಕಾಣುವುದು ಬೇರೆ. ಸೀಸದ ಮೊಳೆಯಲ್ಲಿ ಅಕ್ಷರ ತಿರುವುಮುರುವಾಗಿರುತ್ತದೆ, ಹೆಂಚಿನ ಅಚ್ಚಿನಲ್ಲೂ ಹಾಗೇ. ಹೆಂಚಿನ ಮೇಲೆ ಅಕ್ಷರ ಉಬ್ಬಿ ನಿಲ್ಲಬೇಕಾದರೆ ಅಚ್ಚಿನಲ್ಲಿ ತಗ್ಗಾಗಿ ಕೆತ್ತಬೇಕು, ಅದೂ ಬಲದಿಂದ ಎಡಕ್ಕೆ. ತಗ್ಗಿನ ಗೋಡೆ ನೆಟ್ಟಗೆ ಇದ್ದರೆ ಹಸಿಮಣ್ಣು ಬಿಟ್ಟುಕೊಡದೆ ಕಿತ್ತುಬರುತ್ತದೆ. ಸ್ವಲ್ಪ ಓರೆ ಮಾಡಬೇಕು. ಗೆರೆ ತೆಳುವಾದರೆ ಮಣ್ಣು ಒಳಹೋಗುವುದಿಲ್ಲ. ಎ, ಬಿ, ಓ ಅಕ್ಷರಗಳ ಹೊಟ್ಟೆ ಸಣ್ಣದಾದರೆ ತುಂಬಿಹೋಗುತ್ತದೆ. ಒಣಗಿದಾಗ ಒಂದಿಷ್ಟು, ಬೆಂದಾಗ ಮತ್ತಷ್ಟು ಕುಗ್ಗುವುದರಿಂದ ಅಳತೆಯನ್ನು ಮೊದಲೇ ದೊಡ್ಡದಾಗಿ ಹಿಡಿಯಬೇಕು. ಹೀಗೆ ಮಣ್ಣು ಒಪ್ಪದ್ದನ್ನೆಲ್ಲ ಬಿಡುತ್ತ ಹೋದರೆ ಉಳಿಯುವುದು ಬಾಲಬುಡ್ಡೆಗಳಿಲ್ಲದ, ಅಗಲ ಹೊಟ್ಟೆಯ, ದಪ್ಪ ಗೆರೆಯ ಅಕ್ಷರ. ಈಚಿನ ಕಂಪೆನಿಗಳು ಲಕ್ಷಾಂತರ ಕೊಟ್ಟು ತಮ್ಮ ಲೋಗೋಗಳನ್ನು ಯಾವ ರೂಪಕ್ಕೆ ಇಳಿಸಿಕೊಳ್ಳುತ್ತಿವೆಯೋ ಅದೇ ರೂಪ.

ಒಂದು ಮಾತು ಮಾತ್ರ ಮನಸ್ಸಿಗೆ ಕುಟುಕುತ್ತದೆ. ಕನ್ನಡ ಮೊಳೆಯ ಕೆಲಸಕ್ಕೆಂದು ಬಂದವನ ಹೆಂಚಿನ ಮೇಲೆ ಕನ್ನಡವಿಲ್ಲ. ಹೆಂಚು ಹಡಗು ಹತ್ತಿ ಮುಂಬಯಿಗೆ, ಬರ್ಮಾಕ್ಕೆ, ಸಿಲೋನಿಗೆ, ಆಫ್ರಿಕಾಕ್ಕೆ ಹೋಗುವ ಸರಕು. ಬಂದರಿನ ಗುಮಾಸ್ತ ಓದಬೇಕಾದದ್ದು ಇಂಗ್ಲಿಷು. ಲೆಕ್ಕ ಸರಿಯೇ. ಆದರೂ ಒತ್ತು, ದೀರ್ಘ, ಕೊಂಬುಗಳೊಂದಿಗೆ ಅಷ್ಟು ಗುದ್ದಾಡಿದ ಅಚ್ಚುಕೂಟದ ಊರಿನಲ್ಲಿ, ಮಣ್ಣು ಒಪ್ಪುವ ಕನ್ನಡ ಅಕ್ಷರ ಹೇಗಿರುತ್ತಿತ್ತು ಎಂದು ಕಾಗದದ ಮೇಲೆ ಗೀಚಿ ನೋಡುತ್ತೇನೆ. 'ಮ' ತಡೆಯುತ್ತದೆ. 'ಳ' ಅನುಮಾನ. 'ರು' ಚೆನ್ನಾಗಿ ಬೇಯುತ್ತದೆ ಎಂದು ನನ್ನ ನಂಬಿಕೆ.

ಹೆಂಚಾಗುವ ದಾರಿ ಉದ್ದದ್ದು. ಮಣ್ಣು ತಂದು ರಾಶಿ ಹಾಕಿ ಹದ ಬರಿಸುವುದು, ಅರೆದು ಹಲಗೆಯಂತೆ ಹೊರಡಿಸಿ ಕತ್ತರಿಸುವುದು, ಅಂಟದಿರಲು ಎಣ್ಣೆ ಸವರಿ ಪ್ರೆಸ್ಸಿನಲ್ಲಿ ಒತ್ತುವುದು, ಅಂಚು ಕೊಯ್ಯುವುದು, ನೆರಳಲ್ಲಿ ಒಣಗಿಸುವುದು, ಗೂಡಿನಲ್ಲಿ ಸುಡುವುದು. ಇದನ್ನೆಲ್ಲ ಬಲ್ಲವರು ವಿವರವಾಗಿ ಬರೆದಿದ್ದಾರೆ. ನಾನು ಕಣ್ಣಿಟ್ಟು ನೋಡುವುದು ಪ್ರೆಸ್ಸಿನ ಕೆಳಗಿನ ಆ ಒಂದು ಗಳಿಗೆಯನ್ನು. ಮೇಲಿನ ಅಚ್ಚು ಇಳಿಯುತ್ತದೆ, ಏಳುತ್ತದೆ, ಅಷ್ಟರಲ್ಲಿ ಹೆಸರು ಮೂಡಿರುತ್ತದೆ. ಅಂಚು ಕೊಯ್ಯುವ ಹೆಂಗಸರ ಕೈ ಹೆಸರಿಗೆ ತಗಲದೆ ಸುತ್ತಿ ಬರುತ್ತದೆ. ತಗಲಿದರೆ ಒಂದು ಅಕ್ಷರ ಮುಕ್ಕು. ಅಂಥ ಮುಕ್ಕಾದ ಹೆಂಚುಗಳೂ ಬೆಂದು, ಮಾಡು ಹತ್ತಿ, ಚೆನ್ನಾಗಿಯೇ ಬಾಳಿವೆ.

ಹೆಂಚಿನ ಮೇಲಿನ 1865 ಅನ್ನು ನೋಡಿ "ನಮ್ಮ ಮನೆ ಅಷ್ಟು ಹಳತು" ಎನ್ನುವವರು ಬೇಕಷ್ಟಿದ್ದಾರೆ. ಅದು ಕಂಪೆನಿ ಹುಟ್ಟಿದ ವರ್ಷ, ಹೆಂಚು ಹುಟ್ಟಿದ್ದಲ್ಲ. ಆಮೇಲೆ ದಶಕಗಟ್ಟಲೆ ಅದೇ ಇಸವಿ ಒತ್ತಿಸಿಕೊಂಡು ಹೆಂಚುಗಳು ಹೊರಬಂದವು. ಮಿಶನ್ನಿನದೇ ಕಾರ್ಖಾನೆಗಳು ಕುದ್ರೋಳಿ, ಮಲ್ಪೆಯಿಂದ ಕೇರಳದ ಫರೋಕ್‌ವರೆಗೆ ಎದ್ದವು. ಅಲ್ಬುಕರ್ಕ್, ಮೋರ್ಗನ್ ಮುಂತಾದ ಖಾಸಗಿಯವರೂ ಇಳಿದರು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ನಂಟಿನ ಆಸ್ತಿಯೆಂದು ಸರಕಾರ ಮಿಶನ್ನಿನ ಉದ್ದಿಮೆಗಳನ್ನು ವಶಪಡಿಸಿಕೊಂಡಿತು. ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಯುರೋಪಿನ ಜಗಳಕ್ಕೆ ಜೆಪ್ಪುವಿನ ಕಾರ್ಖಾನೆ ಯಜಮಾನರನ್ನು ಬದಲಿಸಬೇಕಾಯಿತು.

ಹೆಂಚಿನ ಮೇಲಿನ ಈ ಹೆಸರುಗಳಿಂದ ಉಪಯೋಗ ಏನು ಎಂದು ನನಗೆ ಹೇಳಿಕೊಟ್ಟವರು ಮಾಡು ಹತ್ತುವ ಒಬ್ಬ ಹಿರಿಯರು. ಮಳೆಗಾಲಕ್ಕೆ ಮೊದಲು ಮನೆಮನೆಗೆ ಹೋಗಿ ಹೆಂಚು ಕೈಯಾಡಿಸುವುದು ಅವರ ಕೆಲಸ. ಒಡೆದದ್ದನ್ನು ತೆಗೆದು ಕೆಳಗಿದ್ದವರಿಗೆ ಕೊಡುವಾಗ ಅವರು ಮೊದಲು ನೋಡುವುದು ಒಳಮೈಯನ್ನು. "ಒಂದೊಂದು ಕಂಪೆನಿಯದ್ದು ಒಂದೊಂದು ಲೆಕ್ಕ ಮಾರಾಯ್ರೆ. ಇದರ ತೋಡಿಗೆ ಅದರ ಕಚ್ಚು ಕೂರುವುದಿಲ್ಲ. ಕೂರಿಸಿದರೆ ಸೋರುವುದು ಗ್ಯಾರಂಟಿ." ಮಂಗಳೂರು ಹೆಂಚಿಗಾಗಿ ಇರುವ ಐಎಸ್ 654 ಎಂಬ ಭಾರತೀಯ ಮಾನಕದಲ್ಲೂ ಅಳತೆ ಒಂದೇ ಅಲ್ಲ; 410ಕ್ಕೆ 235 ಮಿಲಿಮೀಟರಿನಿಂದ 425ಕ್ಕೆ 260ರವರೆಗೆ ಇವೆ. ಹಾಗಾಗಿ ಇವರಿಗೆ ಆ ಅಕ್ಷರ ಅಲಂಕಾರವಲ್ಲ, ಜಾಹೀರಾತೂ ಅಲ್ಲ. ಯಾವುದು ಯಾವುದರ ಪಕ್ಕ ಕೂರುತ್ತದೆ ಎಂಬ ಗುರುತು. ಇಂಗ್ಲಿಷ್ ಓದಲು ಬರುತ್ತದೆಯೇ ಎಂದು ಕೇಳಿದೆ. "ಓದಲಿಕ್ಕೆ ಎಂತಕ್ಕೆ? ನೋಡಿದರೆ ಗೊತ್ತಾಗ್ತದೆ," ಎಂದರು. ನಮ್ಮ ಕಸುಬಿನ ದೊಡ್ಡ ಪುಸ್ತಕಗಳು ಅಧ್ಯಾಯಗಟ್ಟಲೆ ಹೇಳುವ ವಿಷಯ ಇದು.

ಕರಾವಳಿಯ ಇನ್ನೊಂದು ವಸ್ತುವನ್ನು ಇಲ್ಲಿ ಬಿಡುವಂತಿಲ್ಲ, ಹೆಂಚಿಗೆ ಅದು ತದ್ವಿರುದ್ಧ: ಅಕ್ಕಿಮುಡಿ. ಬೈಹುಲ್ಲು ಹಾಸಿ, ಅಕ್ಕಿ ಸುರಿದು, ಹುಲ್ಲಿನದೇ ಹಗ್ಗದಿಂದ ಬಿಗಿಯುತ್ತ ಬಡಿಯುತ್ತ ಉರುಟು ಮಾಡಿದ ಪೊಟ್ಟಣ. ಮುಡಿಯೆಂದರೆ 42 ಸೇರು, ಕಳಸೆಯ ಲೆಕ್ಕದಲ್ಲಿ ಮೂರು. ಗೇಣಿಯ ಲೆಕ್ಕವೂ ಮುಡಿಯಲ್ಲೇ ನಡೆಯುತ್ತಿತ್ತು. ಅದರ ಮೇಲೆ ಅಕ್ಷರವಿಲ್ಲ, ಚಿತ್ರವಿಲ್ಲ, ಬೇಕಾಗಿಯೂ ಇರಲಿಲ್ಲ. ಆಕಾರವೇ ಅಳತೆ ಹೇಳುತ್ತಿತ್ತು. ಒಳಗಿನ ಸರಕು ಬೆಳೆದ ಗದ್ದೆಯಲ್ಲೇ ಹೊರಗಿನ ಹೊದಿಕೆಯೂ ಬೆಳೆದದ್ದು. ಪರಿಸರಸ್ನೇಹಿ ಪ್ಯಾಕೇಜಿಂಗ್ ಎಂದು ವಿಚಾರಗೋಷ್ಠಿ ನಡೆಸುವವರು ಇದನ್ನು ವೇದಿಕೆಯ ಮೂಲೆಯಲ್ಲಿ ಅಲಂಕಾರಕ್ಕೆ ಇಟ್ಟಿರುತ್ತಾರೆ. ಮುಡಿ ಕಟ್ಟಲು ಬರುವವರನ್ನು ಈಗ ಹುಡುಕಿಕೊಂಡು ಹೋಗಬೇಕು.

ಹೆಂಚಿನ ಸ್ಥಿತಿ ಅಷ್ಟು ಕೆಟ್ಟಿಲ್ಲ, ಒಳ್ಳೆಯದೂ ಇಲ್ಲ. ತಾರಸಿ ಬಂತು, ತಗಡಿನ ಶೀಟು ಬಂತು. ಮಣ್ಣು ತೆಗೆಯಲು ನಿರ್ಬಂಧ, ಸೌದೆ ದುಬಾರಿ, ಗೂಡಿನ ಬಿಸಿಯಲ್ಲಿ ದುಡಿಯಲು ಯಾರೂ ಸಿದ್ಧರಿಲ್ಲ. ಒಂದೊಂದಾಗಿ ಬಹುಪಾಲು ಕಾರ್ಖಾನೆಗಳು ಮುಚ್ಚಿದವು. ಕೆಲವು ಕಡೆ ಚಿಮಣಿ ಮಾತ್ರ ನಿಂತಿದೆ, ಸುತ್ತ ಫ್ಲ್ಯಾಟುಗಳು. ಅಚ್ಚುಕೂಟದ ಪುಸ್ತಕಗಳಿಗೆ ಬಲ್ಮಠದ ದೈವಶಾಸ್ತ್ರ ಕಾಲೇಜಿನ ಪತ್ರಾಗಾರದಂಥ ನೆಲೆಗಳಾದರೂ ಇವೆ. ಹೆಂಚಿನ ಅಚ್ಚುಗಳು ಕಬ್ಬಿಣದ ತೂಕಕ್ಕೆ ಗುಜರಿಗೆ ಹೋಗುವಂಥವು. ಯಾವ ಕಂಪೆನಿ, ಯಾವ ಊರು, ಯಾವ ಗುರುತು ಎಂದು ಒಂದೊಂದು ಹೆಂಚನ್ನು ಇಟ್ಟು ಪಟ್ಟಿ ಮಾಡಿದರೆ ಒಂದು ಸಣ್ಣ ಕೋಣೆ ಸಾಕಾಗುತ್ತದೆ. ಅಕ್ಷರ ವಿನ್ಯಾಸ ಕಲಿಸುವ ನಮ್ಮ ಕಾಲೇಜುಗಳು ಸ್ವಿಟ್ಜರ್ಲೆಂಡಿನ ಫಾಂಟುಗಳನ್ನು ಮೊದಲ ವಾರವೇ ಪರಿಚಯಿಸುತ್ತವೆ. ಸ್ವಿಟ್ಜರ್ಲೆಂಡಿನ ಒಂದು ಊರಿನ ಹೆಸರನ್ನು ಮಂಗಳೂರಿನ ಮಣ್ಣಿನಲ್ಲಿ ಒತ್ತಿದ ಈ ಅಕ್ಷರವನ್ನೂ ಎರಡನೆಯ ವಾರ ತೋರಿಸಬಹುದು.

ಸದ್ಯಕ್ಕೆ ಆ ಸಂಗ್ರಹಾಲಯದ ಕೆಲಸವನ್ನು ತಮಗರಿವಿಲ್ಲದೆ ಮಾಡುತ್ತಿರುವವರು ಹಳೆಯ ಮರ, ಹೆಂಚು ಮಾರುವ ಅಂಗಡಿಯವರು. ಮುರಿದ ಮನೆಗಳಿಂದ ಬಂದ ಹೆಂಚನ್ನು ಅವರು ಹೆಸರಿನ ಪ್ರಕಾರ ಬೇರೆಬೇರೆ ಅಟ್ಟಿ ಇಡುತ್ತಾರೆ. ರಿಸಾರ್ಟಿನವರಿಗೆ ಬೇಕು, ಬೆಂಗಳೂರಿನ ಕೆಫೆಗಳಿಗೆ ಬೇಕು. ಅದಕ್ಕಿಂತ ಹೆಚ್ಚಾಗಿ, ಇನ್ನೂ ಹಳೆಯ ಮನೆಯಲ್ಲೇ ಇರುವವರಿಗೆ ಬೇಕು. ಕಂಪೆನಿ ಮುಚ್ಚಿದ ಮೇಲೆ ಒಡೆದ ಹೆಂಚಿಗೆ ಜೋಡಿ ಸಿಗುವುದು ಬೇರೆಯವರ ಮನೆ ಬಿದ್ದಾಗ ಮಾತ್ರ.

ಮಂಗಳೂರಿನ ಅಂಥ ಒಂದು ಅಂಗಡಿಯಲ್ಲಿ ನನಗೆ ನಕ್ಷತ್ರದ ಗುರುತಿನ ಒಂದು ಹೆಂಚು ಇಷ್ಟವಾಯಿತು. ಅಂಗಡಿಯವರು ಕೊಡಲಿಲ್ಲ. ಇಡೀ ಅಟ್ಟಿ ಪುತ್ತೂರು ಕಡೆಯ ಒಂದು ಮನೆಗೆ ಹೇಳಿ ಆಗಿದೆಯಂತೆ, ಒಂದು ಕಡಿಮೆಯಾದರೆ ಅವರ ಮಾಡಿಗೆ ಸಾಲುವುದಿಲ್ಲ. ಫೋಟೋ ಬೇಕಾದರೆ ತೆಗೆದುಕೊಳ್ಳಿ ಎಂದರು. ತೆಗೆದುಕೊಂಡೆ. ಹೊರಡುವಾಗ ಅವರೇ ಕರೆದು, ನಿಮ್ಮ ಮನೆ ಎಲ್ಲಿ, ಮಾಡು ಎಂತದು ಎಂದು ವಿಚಾರಿಸಿದರು. ಊರಲ್ಲಿ ಅಜ್ಜನ ಮನೆ ಉಂಟು, ಹೆಂಚಿನದೇ, ಈಗ ಅಲ್ಲಿ ಯಾರೂ ಇಲ್ಲ ಎಂದೆ. ಚೀಟಿಯಲ್ಲಿ ನಂಬರು ಬರೆದು ಕೊಟ್ಟರು. "ಮುರಿಯುವುದಾದರೆ ಮೊದಲು ನನಗೊಂದು ಫೋನು ಮಾಡಿ, ಆಯ್ತಾ? ಕಂಪೆನಿ ಯಾವುದು ಅಂತ ನೋಡಿ ಇಟ್ಟಿರಿ."