ನೋವನ್ನು ನೋವಾಗಿಯೇ ತೋರಿಸುವ ಸಿನಿಮಾ

ರಕ್ತವನ್ನೇ ಬಂಡವಾಳ ಮಾಡಿಕೊಂಡ ಸಿನಿಮಾಗಳು ಎಂಬ ದೂರು ಫ್ರಾನ್ಸಿನ ಉಗ್ರ ಹಾರರ್ ಚಿತ್ರಗಳಿಗೆ ಅಂಟಿಕೊಂಡೇ ಬಂದಿದೆ. ಅವು ಬೆಳೆದು ಬಂದ ದಾರಿ ನೋಡಿದರೆ ಆ ದೂರಿನಲ್ಲಿ ಅರ್ಧ ಮಾತ್ರ ನಿಜವಿದೆ. ಪ್ಯಾರಿಸ್‌ನಲ್ಲಿ 1897ರಲ್ಲಿ ಶುರುವಾಗಿ 1962ರಲ್ಲಿ ಬಾಗಿಲು ಹಾಕಿದ ಗ್ರಾಂ ಗಿನ್ಯೋಲ್ ರಂಗಮಂದಿರ, ಕೃತಕ ರಕ್ತ ಮತ್ತು ಕೈಚಳಕದಿಂದಲೇ ಜನರನ್ನು ಸೆಳೆದದ್ದು ಹೌದು. ಆದರೆ ಅದೇ ಊರಿನಲ್ಲಿ ನಿರ್ದೇಶಕ ಜಾರ್ಜ್ ಫ್ರಾಂಜು ಬೇರೆ ಜಾಡು ಹಿಡಿದ. 1949ರಲ್ಲಿ ಕಸಾಯಿಖಾನೆಗಳ ಸಾಕ್ಷ್ಯಚಿತ್ರ ಮಾಡಿದ್ದ ಆತ, 1960ರ ‘ಐಸ್ ವಿದೌಟ್ ಎ ಫೇಸ್’ನಲ್ಲೂ ಅದೇ ನೋಟವನ್ನು ಉಳಿಸಿಕೊಂಡ. ವೈದ್ಯನೊಬ್ಬ ಯುವತಿಯ ಮುಖದ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾನೆ, ಆ ಗೆರೆಯ ಮೇಲೆಯೇ ಚಾಕು ಸಾಗುತ್ತದೆ, ಕೊನೆಗೆ ಮುಖದ ಚರ್ಮ ಇಡಿಯಾಗಿ ಎದ್ದು ಬರುತ್ತದೆ. ಕಿರುಚಾಟವಿಲ್ಲ, ಅವಸರವಿಲ್ಲ. ಆ ಕೈಯ ನೆಮ್ಮದಿಯೇ ಎದೆ ನಡುಗಿಸುತ್ತದೆ.

ಹೊಸ ಶತಮಾನದ ಚಿತ್ರಗಳಿಗೆ ಬಂದ ಪಿತ್ರಾರ್ಜಿತ ಈ ತಾಳ್ಮೆ. 2004ರಲ್ಲಿ ವಿಮರ್ಶಕ ಜೇಮ್ಸ್ ಕ್ವಾಂಟ್ ‘ಆರ್ಟ್‌ಫೋರಂ’ ಪತ್ರಿಕೆಯಲ್ಲಿ ಈ ಉಗ್ರ ಚಿತ್ರಗಳ ಧಾಟಿಗೆ ‘ನ್ಯೂ ಫ್ರೆಂಚ್ ಎಕ್ಸ್‌ಟ್ರೀಮಿಟಿ’ ಎಂದು ಹೆಸರಿಟ್ಟದ್ದು ಮೆಚ್ಚಿಕೊಂಡಲ್ಲ, ತಕರಾರು ತೆಗೆಯುತ್ತಲೇ. ಅದಕ್ಕೆ ಗಟ್ಟಿ ಉತ್ತರ ಪಾಸ್ಕಲ್ ಲೋಜಿಯೆಯ ‘ಮಾರ್ಟರ್ಸ್’ (2008). ಅದರ ಮೊದಲರ್ಧದಲ್ಲಿ ಹಾರರ್‌ನ ಮಾಮೂಲಿ ಸರಕೆಲ್ಲ ಇದೆ: ಸೇಡು, ಬಂದೂಕು, ಕತ್ತಲಲ್ಲಿ ಮೇಲೆರಗುವ ಆಕೃತಿ. ಉತ್ತರಾರ್ಧದಲ್ಲಿ ಅದೆಲ್ಲ ಕಳಚಿ ಬೀಳುತ್ತದೆ. ಸರಪಳಿ ಬಿಗಿದ ನಾಯಕಿ ಆನಾಳ ಬಾಯಿಗೆ ಗಂಜಿಯಂಥದ್ದನ್ನು ತುರುಕುತ್ತಾರೆ, ಒಬ್ಬ ಬಂದು ಹೊಡೆದು ಹೋಗುತ್ತಾನೆ, ಪರದೆ ಕಪ್ಪಾಗುತ್ತದೆ, ಮತ್ತೆ ಅದೇ. ಮಜಾ ಕೊಡಲು ಹೊರಟವರು ಹೀಗೆ ಚಿತ್ರ ಕಟ್ಟುವುದಿಲ್ಲ. ಹಿಂಸೆ ದಿನಚರಿಯಾದಾಗ ಎಷ್ಟು ಬೇಸರದ್ದು, ಎಷ್ಟು ದೀರ್ಘವಾದದ್ದು ಎಂಬುದನ್ನು ನಾವು ಅನುಭವಿಸಲೇಬೇಕಾಗುತ್ತದೆ. ಫ್ರಾನ್ಸಿನಲ್ಲಿ ಈ ಚಿತ್ರಕ್ಕೆ 18 ವರ್ಷದ ನಿರ್ಬಂಧ ಹೇರಲು ಹೊರಟಾಗ ಸಿನಿಮಾ ಮಂದಿ ಪ್ರತಿಭಟಿಸಿದರು. ಮಿತಿ 16ಕ್ಕೆ ಇಳಿಯಿತು.

ಹಾಗಿದ್ದರೆ ಪ್ರತಿ ಸಲ ಹೆಣ್ಣಿನ ದೇಹವೇ ಏಕೆ ನರಳಬೇಕು? ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಅಲೆಕ್ಸಾಂಡ್ರ್ ಅಜಾನ ‘ಹೈ ಟೆನ್ಷನ್’ (2003) ಈ ಪರೀಕ್ಷೆಯಲ್ಲಿ ಸೋಲುತ್ತದೆ. ಇನ್ನೊಬ್ಬ ಹೆಣ್ಣನ್ನು ಬಯಸಿದವಳನ್ನೇ ಕೊಲೆಗಾತಿ ಮಾಡುವ ಅದರ ಕೊನೆಯ ತಿರುವು ನನ್ನ ಮಟ್ಟಿಗೆ ಮೋಸವೇ ಸರಿ. ಆದರೆ ಈ ಪರಂಪರೆಗೆ ದಿಕ್ಕು ಕೊಟ್ಟವರಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. 2001ರಲ್ಲೇ ಕ್ಲೇರ್ ಡೆನಿ ‘ಟ್ರಬಲ್ ಎವ್ರಿ ಡೇ’ಯಲ್ಲಿ ಕಾಮ ಮತ್ತು ಹಸಿವನ್ನು ಒಂದೇ ಮೈಯಲ್ಲಿ ತೋರಿಸಿದ್ದಳು. ಜೂಲಿಯಾ ಡುಕುರ್ನೊಳ ‘ರಾ’ (2016) ಇನ್ನೂ ಮುಂದೆ ಹೋಗುತ್ತದೆ. ಮಾಂಸ ಮುಟ್ಟದ ಮನೆಯ ಹುಡುಗಿಗೆ ಪಶುವೈದ್ಯಕೀಯ ಕಾಲೇಜಿನ ರ‍್ಯಾಗಿಂಗ್‌ನಲ್ಲಿ ಮೊಲದ ಹಸಿ ಮೂತ್ರಪಿಂಡ ತಿನ್ನಿಸುತ್ತಾರೆ. ಮೈತುಂಬ ಗಂದೆ ಏಳುತ್ತದೆ, ಕೆರೆದಲ್ಲೆಲ್ಲ ಚರ್ಮ ಸುಲಿಯುತ್ತದೆ. ಕ್ಯಾಮೆರಾ ಆ ತುರಿಕೆಯನ್ನು ಅವಳ ಕಡೆ ನಿಂತು ತೋರಿಸುತ್ತದೆ. ಆ ಮೈ ಅವಳದೇ, ಅದರಲ್ಲಿ ಏಳುವ ಹಸಿವೂ ಅವಳದೇ.